ಧಾರೆಯ ಹೊತ್ತಿಗೆ ನಿಂತ ಸ್ಯಾಕ್ಸೋಫೋನ್

2003ರ ಮೇ ತಿಂಗಳ ಒಂದು ಭಾನುವಾರ, ಹಾಲಾಡಿಯ ಒಂದು ಮದುವೆ ಹಾಲಿನಲ್ಲಿ, ಮಂಟಪದ ಎಡಬದಿಯ ಕಂಬಕ್ಕೆ ಒರಗಿ ನಾನು ನಿಂತಿದ್ದೆ. ಹುಡುಗಿಯ ಕಡೆಯವರು ಕರೆದಿದ್ದರು. ವಾದ್ಯದವರ ಜಮಖಾನೆ ನನ್ನಿಂದ ಹತ್ತು ಅಡಿಯೊಳಗೇ ಇತ್ತು, ನಡುವೆ ಯಾರೂ ಇರಲಿಲ್ಲ. ಭಟ್ಟರು ಕೈ ಎತ್ತಿ ಸನ್ನೆ ಮಾಡಿದರು, ಧಾರೆಯ ನೀರು ಬಿತ್ತು, ಡೋಲು ಮತ್ತು ಸ್ಯಾಕ್ಸೋಫೋನ್ ಒಟ್ಟಿಗೇ ಏರಿದವು. ಏರಿದ ಸ್ಯಾಕ್ಸೋಫೋನ್ ಅರ್ಧದಲ್ಲೇ ನಿಂತಿತು. ನುಡಿಸುತ್ತಿದ್ದ ವಾಸಣ್ಣ ಅಂಗೈಯನ್ನು ಬಾಯಿಗೆ ಒಡ್ಡಿ ಏನನ್ನೋ ಹಿಡಿದು ಅಂಗಿಯ ಕಿಸೆಗೆ ಹಾಕಿಕೊಂಡರು. ಆಮೇಲೆ ಹೆಗಲ ಶಾಲನ್ನು ತುಟಿಗೆ ಒತ್ತಿ ಹಿಡಿದರು. ಡೋಲಿನ ಗೋವಿಂದಣ್ಣ ಒಮ್ಮೆ ಆ ಕಡೆ ನೋಡಿ, ಇನ್ನೂ ಜೋರಾಗಿ ಬಾರಿಸತೊಡಗಿದರು.

ಕಿಸೆಗೆ ಹೋದದ್ದು ಏನೆಂದು ನನಗೆ ಗೊತ್ತಿತ್ತು. ಆ ಹಲ್ಲನ್ನು ನಾನು ಮೂರು ವರ್ಷ ಮೊದಲೇ ನೋಡಿದ್ದೆ.

ನಾನು ಕುಂದಾಪುರದಲ್ಲಿ ದಂತ ಚಿಕಿತ್ಸಾಲಯ ತೆರೆದದ್ದು 1997ರಲ್ಲಿ. ಕಿರಿಮಂಜೇಶ್ವರದ ವಾಸಣ್ಣ ಮೊದಲ ಸಲ ಬಂದದ್ದು 2000ನೇ ಇಸವಿಯ ಮಾರ್ಚ್‌ನಲ್ಲಿ. ಆಗ ಅವರಿಗೆ ನಲವತ್ತು ದಾಟಿತ್ತು. ನಮ್ಮ ಕರಾವಳಿಯಲ್ಲಿ ಮದುವೆಗೂ ದೇವಸ್ಥಾನಕ್ಕೂ ಸ್ಯಾಕ್ಸೋಫೋನ್ ಬೇಕು. ಅದನ್ನು ನುಡಿಸುವವರು ಮೇಲಿನ ಎರಡು ಮುಂಹಲ್ಲುಗಳನ್ನು ವಾದ್ಯದ ಬಾಯಿಯ ಮೇಲೆ ಊರಿ ಊದುತ್ತಾರೆ. ಅವರಿಗೆ ಅಲ್ಲಿಯೇ ರಕ್ತ ಬರುತ್ತಿತ್ತು. ಊದುವವರಿಗೆ ಇದು ಇದ್ದದ್ದೇ ಎಂದು ಅವರು ತಿಳಿದಿದ್ದರು. ರಕ್ತ ಬರುವ ಜಾಗಕ್ಕೆ ಬ್ರಷ್ ತಾಗಿಸುವುದನ್ನೂ ಬಿಟ್ಟಿದ್ದರು.

ಒಸಡು ಮತ್ತು ಹಲ್ಲಿನ ನಡುವೆ ಸಣ್ಣದೊಂದು ಸಂದು ಇರುತ್ತದೆ. ಅದರ ಆಳವನ್ನು ಪ್ರೋಬ್ ಎಂಬ ಗುರುತು ಹಾಕಿದ ಕಡ್ಡಿಯಿಂದ ಅಳೆಯುತ್ತೇವೆ. ಆರೋಗ್ಯವಾದ ಒಸಡಿನಲ್ಲಿ ಅದು ಎರಡು, ಮೂರು ಮಿಲಿಮೀಟರ್. ವಾಸಣ್ಣನ ಮುಂಹಲ್ಲಿನ ಹತ್ತಿರ ಆರು ಇತ್ತು. ದಿನವೂ ತೆಗೆಯದ ಕೊಳೆ ಕಲ್ಲಿನಂತೆ ಗಟ್ಟಿಯಾದರೆ ಕ್ಯಾಲ್ಕುಲಸ್ ಎನ್ನುತ್ತೇವೆ. ಅದು ಒಸಡಿನ ಅಡಿಗೆ ಇಳಿದರೆ ಹಲ್ಲನ್ನು ಹಿಡಿದಿಟ್ಟ ಎಲುಬು ಸ್ವಲ್ಪ ಸ್ವಲ್ಪವೇ ಕರಗುತ್ತದೆ. ನೋವು ಮಾತ್ರ ಇರುವುದಿಲ್ಲ. ಒಸಡಿನ ಕಾಯಿಲೆಯ ಮೋಸ ಅದೇ. ಅಡಿಯವರೆಗೂ ಸ್ವಚ್ಛ ಮಾಡಿದರೆ ಆಗ ನಿಲ್ಲಿಸಬಹುದಿತ್ತು. ಆದರೆ ಸ್ವಚ್ಛ ಮಾಡಿದ ಕೆಲವು ದಿನ ಹಲ್ಲು ಸಡಿಲವಾದಂತೆ ಅನಿಸುತ್ತದೆ, ಜುಮ್ಮೆನ್ನುತ್ತದೆ. ಅಷ್ಟು ದಿನ ಊದುವುದು ಕಷ್ಟ.

ಇದನ್ನೆಲ್ಲ ಅವರಿಗೆ ಹೇಳಿದೆ. ಅವರು ಕುರ್ಚಿಯಲ್ಲಿ ಇನ್ನಷ್ಟು ಹಿಂದಕ್ಕೆ ಒರಗಿ, "ಹಂಗಾರೆ ಇವತ್ತೇ ಶುರು ಮಾಡಿ ಡಾಕ್ಟ್ರೆ. ನಂಗೆ ಒಂದ್ ವಾರ ರಜಾ ಇತ್ತ್" ಎಂದರು.

ಅವರ ರಜೆ ಮುಗಿದ ಮೇಲಿನ ಮೊದಲ ಮದುವೆ ನನ್ನ ತಂಗಿಯದು. ವಾದ್ಯಕ್ಕೆ ಅವರನ್ನೇ ಹೇಳಿಟ್ಟದ್ದು ನನ್ನ ಅಪ್ಪಯ್ಯ. ಹಲ್ಲು ಜುಮ್ಮೆಂದು ಅವರು ಧಾರೆಯ ದಿನ ನುಡಿಸಲಾಗದೆ ಹೋದರೆ ಮನೆಯವರಿಗೆ ಏನೆಂದು ಹೇಳುವುದು? ಆ ಲೆಕ್ಕಾಚಾರ ನನ್ನ ತಲೆಯಲ್ಲಿ ಓಡಿತು. ನಾನು ಹೇಳಿದ್ದು ಇಷ್ಟೇ: "ಈ ಮದುವೆ ಒಂದು ಮುಗಿಯಲಿ ವಾಸಣ್ಣ. ಮಳೆ ಹಿಡಿದ ಮೇಲೆ ಬನ್ನಿ."

ಬಾಯಿ ಮುಕ್ಕಳಿಸಲು ಔಷಧ ಕೊಟ್ಟೆ. ಅದು ಮೇಲಿನ ಊತವನ್ನು ಇಳಿಸುತ್ತದೆ, ಅಡಿಯ ಕಲ್ಲಿಗೆ ಏನೂ ಮಾಡುವುದಿಲ್ಲ. ತಂಗಿಯ ಮದುವೆಯಲ್ಲಿ ಅವರು ಚೆನ್ನಾಗಿಯೇ ನುಡಿಸಿದರು. ಊಟದ ಪಂಕ್ತಿಯಲ್ಲಿ ಸಿಕ್ಕಿ, ರಕ್ತ ನಿಂತಿದೆ, ನಿಮ್ಮ ಔಷಧ ಒಳ್ಳೆಯದು ಎಂದರು. ನಿಂತದ್ದು ರಕ್ತ ಮಾತ್ರ, ಕಾಯಿಲೆ ಅಲ್ಲ ಎಂದು ನಾನು ಆಗಲೇ ಹೇಳಬೇಕಿತ್ತು. ಕೈಯಲ್ಲಿ ಪಾಯಸದ ಸೌಟು ಇತ್ತು, ಮುಂದಿನ ಎಲೆಗೆ ಹೋದೆ. ಮಳೆಗಾಲ ಬಂತು, ಅವರು ಬರಲಿಲ್ಲ. ನಾನೂ ಹೇಳಿಕಳಿಸಲಿಲ್ಲ.

ಹಾಲಾಡಿಯ ಆ ಮದುವೆಗೆ ಮರಳುತ್ತೇನೆ. ವಾದ್ಯ ನಿಂತದ್ದಕ್ಕೆ ಸೇರಿದವರಲ್ಲಿ ಗುಸುಗುಸು ಎದ್ದಿತು. ನಮ್ಮಲ್ಲಿ ಧಾರೆಯ ಹೊತ್ತಿಗೆ ವಾದ್ಯ ನಿಲ್ಲಬಾರದು. ನನ್ನ ಪಕ್ಕದಲ್ಲಿದ್ದ ಹುಡುಗಿಯ ಸೋದರಮಾವ, "ಬೆಳಿಗ್ಗೆಯೇ ಹಾಕಂಡ್ ಬಂದದ್ದ್ ಕಾಣತ್ತ್" ಎಂದರು. ಯಾರೋ ನಕ್ಕರು. ಮತ್ತೊಬ್ಬರು, ಊದೂಕೆ ಬಂದವ ಏರ್ಸ್ಕಂಡೇ ಬಂದಿದ್ದ ಎಂದು ಸೇರಿಸಿದರು. ಅವರು ಕುಡಿದಿಲ್ಲ, ಹಲ್ಲು ಬಿತ್ತು ಎಂದು ನಾನು ಹೇಳಿದ್ದರೆ ಮಾತು ಅಲ್ಲಿಗೇ ನಿಲ್ಲುತ್ತಿತ್ತು. ಆದರೆ ಹಲ್ಲು ಎಂದರೆ, ನಿಮ್ಮ ಹತ್ತಿರ ತೋರಿಸಿರಲಿಲ್ಲವೇ ಡಾಕ್ಟ್ರೆ ಎಂಬ ಪ್ರಶ್ನೆ ಬರುತ್ತಿತ್ತು. ನಾನು ಸುಮ್ಮನೆ ನಿಂತೆ.

ಆಮೇಲೆ ಅಡುಗೆಯವರು ಪಾತ್ರೆ ತೊಳೆಯುವ ನಲ್ಲಿಯ ಹತ್ತಿರ ವಾಸಣ್ಣ ಬಾಯಿ ಮುಕ್ಕಳಿಸುತ್ತಿದ್ದರು. ಅದೇ ವಾದ್ಯದವರಲ್ಲಿ ತಾಳ ಹಾಕುವ ಶೀನ ಚೆಂಬು ಹಿಡಿದು ಪಕ್ಕದಲ್ಲಿದ್ದ. ಕೇಳದೆಯೇ ವಾಸಣ್ಣ ಹಲ್ಲನ್ನು ನನ್ನ ಕೈಗಿಟ್ಟರು. ಬೇರಿನ ತುದಿಯ ಹತ್ತಿರದವರೆಗೂ ಕಪ್ಪು ಕಲ್ಲು ಕಟ್ಟಿತ್ತು. ಅದನ್ನು ಹಿಡಿದಿಡಲು ಎಲುಬು ಉಳಿದೇ ಇರಲಿಲ್ಲ. ವಾದ್ಯದ ಬಾಯಿಗೆ ಅವರು ಸೈಕಲ್ ಟ್ಯೂಬಿನ ತುಂಡು ಅಂಟಿಸಿದ್ದರು, ಒಂದರ ಮೇಲೊಂದು ಮೂರು ಪದರ. ಹಲ್ಲು ಅಲುಗಿದಂತೆಲ್ಲ ಒಂದೊಂದು ಪದರ ಏರಿಸಿದ್ದರಂತೆ.

ಯಾಕೆ ಬರಲಿಲ್ಲ ಎಂದು ಕೇಳುವ ಧೈರ್ಯ ನನಗೆ ಬಂದದ್ದು ಈಗ ಆಶ್ಚರ್ಯ. ಅವರು ಖಾಲಿ ಜಾಗ ಕಾಣುವಂತೆ ನಕ್ಕರು.

"ಮದಿ ಮುಗ್ದ್ ಮೇಲ್ ಬನ್ನಿ ಅಂದಿದ್ರಿ ಅಲ್ದಾ? ಮುಗೀಲೇ ಇಲ್ಲೆ ಕಾಣಿ ಡಾಕ್ಟ್ರೆ. ಒಂದ್ ಆರೆ ಇನ್ನೊಂದ್."

ಆ ಮಳೆಗಾಲದಲ್ಲಿ ಅವರು ತಪ್ಪದೆ ಬಂದರು. ಮೂರು ವರ್ಷ ಮೊದಲು ಮಾಡಬೇಕಿದ್ದ ಕೆಲಸವನ್ನು ಮಾಡಿದೆ. ಅಕ್ಕಪಕ್ಕದ ಹಲ್ಲುಗಳನ್ನು ತಂತಿಯಿಂದ ಬಿಗಿದು ಉಳಿಸಿದೆವು, ಬಿದ್ದ ಜಾಗಕ್ಕೆ ಹೊಸ ಹಲ್ಲು ಕಟ್ಟಿದೆವು. ರಕ್ತ ಪರೀಕ್ಷೆ ಮಾಡಿಸಿದಾಗ ಸಕ್ಕರೆ ಕಾಯಿಲೆ ಇರುವುದೂ ತಿಳಿಯಿತು. ಸಕ್ಕರೆ ಏರಿದ್ದರೆ ಒಸಡು ಬೇಗ ಹಾಳಾಗುತ್ತದೆ, ಒಸಡು ಕೆಟ್ಟರೆ ಸಕ್ಕರೆಯೂ ಹಿಡಿತಕ್ಕೆ ಬರುವುದಿಲ್ಲ. 2000ದಲ್ಲಿ ನಾನು ಅದನ್ನೂ ಕೇಳಿರಲಿಲ್ಲ. ಕಟ್ಟಿಸಿದ ಹಲ್ಲಿನ ಮೇಲೆ ಭಾರ ಬೀಳದಂತೆ ಮೇಲ್ತುಟಿ ಮಡಚಿ ಊದುವುದನ್ನು ವಾಸಣ್ಣ ತಾವೇ ರೂಢಿ ಮಾಡಿಕೊಂಡರು. ಸ್ವರ ಮೆತ್ತಗಾಯಿತು. ದೇವಸ್ಥಾನದ ಸಂಜೆಯ ಪೂಜೆಗೆ ಅದು ಸಾಕಿತ್ತು. ಮದುವೆಗಳಿಗೆ ಮಾತ್ರ ಅವರನ್ನು ಯಾರೂ ಕರೆಯಲಿಲ್ಲ. ಧಾರೆಗೆ ಕುಡಿದು ಬಂದವ ಎಂಬ ಮಾತು ಬೈಂದೂರಿನವರೆಗೂ ಹೋಗಿತ್ತು.

2012ರ ಹೊತ್ತಿಗೆ ವಾರದಲ್ಲಿ ಎರಡು ದಿನ ನಾನು ಬ್ರಹ್ಮಾವರದಲ್ಲೂ ಕೂರುತ್ತಿದ್ದೆ. ಒಂದು ದಿನ ಅಲ್ಲಿಗೆ ಜಯಂತಿ ಬಂದರು. ಹಾಲಾಡಿಯ ಆ ಮದುವೆಯ ಹುಡುಗಿ ಇವರೇ. ಹಲ್ಲುಜ್ಜುವಾಗ ಒಸಡಿನಲ್ಲಿ ರಕ್ತ. ಅಳೆದೆ, ಒಂದೆರಡು ಕಡೆ ನಾಲ್ಕು ಮಿಲಿಮೀಟರ್. ಹಲ್ಲು ಕ್ಲೀನ್ ಮಾಡಿಸಿದರೆ ಸಡಿಲವಾಗುತ್ತದಂತೆ ಎಂದು ಹೆದರಿದ್ದರು. "ಅಕ್ಕನ ಮಗಳ ಮದಿ ಮುಗ್ಸ್ಕಂಡ್ ಬತ್ತೆ ಡಾಕ್ಟ್ರೆ" ಎಂದರು.

"ಇಲ್ಲ, ಇವತ್ತೇ" ಎಂದೆ. ನನ್ನ ದನಿ ಗಡುಸಾಗಿತ್ತು ಎಂದು ಆಮೇಲೆ ನರ್ಸ್ ಹೇಳಿದಳು. ಸಡಿಲ ಮಾಡುವುದು ಕಲ್ಲೇ ಹೊರತು ಅದನ್ನು ತೆಗೆಯುವುದಲ್ಲ ಎಂದು ವಿವರಿಸಿದೆ. ರಕ್ತ ಬರುವ ಜಾಗವನ್ನೇ ಮೆತ್ತಗಿನ ಬ್ರಷ್‌ನಿಂದ ದಿನಕ್ಕೆರಡು ಸಲ, ಒಸಡಿನ ಅಂಚಿಗೆ ತಾಗುವಂತೆ ಉಜ್ಜಬೇಕು, ಆರು ತಿಂಗಳಿಗೊಮ್ಮೆ ತೋರಿಸಬೇಕು ಎಂದೂ ಹೇಳಿದೆ.

ಕೆಲಸ ಮುಗಿದು ಬಾಯಿ ಒರೆಸಿಕೊಂಡ ಅವರು ಬಟ್ಟೆಯ ಮೇಲಿನ ಕೆಂಪನ್ನು ಸ್ವಲ್ಪ ಹೊತ್ತು ನೋಡಿದರು. "ನನ್ ಧಾರೆ ದಿನ ವಾದ್ಯದೋರ್ ಶಾಲೂ ಹೀಂಗೇ ಕೆಂಪಾಯಿತ್ತ್. ನಾ ಕಂಡಿದೆ. ಮದಿ ಹೆಣ್ಣ್ ಮಾತಾಡೂಕೆ ಆತ್ತಾ? ಆಮೇಲೆ ಮಾವ ಎಲ್ಲರ ಹತ್ರ ಕುಡ್ದಿದ್ದ ಅಂದಾಗ್ಳೂ ಸುಮ್ನಿದ್ದೆ."

ನಾನೂ ಸುಮ್ಮನಿದ್ದೆ ಎಂದು ಅವರಿಗೆ ಆ ದಿನ ಹೇಳಿದೆ. ಈಗ ಇಲ್ಲಿ ಬರೆಯುತ್ತಿದ್ದೇನೆ.

ಒಸಡಿನ ಕಾಯಿಲೆಗೆ ಒಳ್ಳೆಯ ದಿನ ನೋಡಿ ಚಿಕಿತ್ಸೆ ಶುರು ಮಾಡಬಾರದು. ಕುರ್ಚಿಯಲ್ಲಿ ಕುಳಿತವರು ಒಪ್ಪಿದ ದಿನವೇ ಒಳ್ಳೆಯ ದಿನ. ವೃತ್ತಿ ನನಗೆ ಕಲಿಸಿದ್ದು ಅದು. ಕಂಡದ್ದನ್ನು ಕಂಡ ದಿನವೇ ಹೇಳಬೇಕು ಎಂಬುದು ವೃತ್ತಿಗೆ ಹೊರಗೂ ಸಲ್ಲುತ್ತದೆ.

ವಾಸಣ್ಣ ಆ ದಿನ ಕುಡಿದಿರಲಿಲ್ಲ. ಅವರ ಬಾಯಿಯಿಂದ ಬಿದ್ದ ಹಲ್ಲು ಕಿಸೆಗೆ ಹೋದದ್ದನ್ನು ನಾನು ಕಂಡಿದ್ದೇನೆ. ಕಂಡವರಲ್ಲಿ ಡೋಲಿನ ಗೋವಿಂದಣ್ಣ ಈಗಿಲ್ಲ. ತಾಳದ ಶೀನ ಇದ್ದಾನೆ, ಬೈಂದೂರಿನಲ್ಲಿ. ಜಯಂತಿ ಇದ್ದಾರೆ, ಬ್ರಹ್ಮಾವರದಲ್ಲಿ. ವಾಸಣ್ಣ ಕಿರಿಮಂಜೇಶ್ವರದಲ್ಲೇ ಇದ್ದಾರೆ.