ಈರುಳ್ಳಿ ಇಲ್ಲದ ಸಾಕ್ಷಿ

ಅಪ್ಪ ತಾಂಡ್ಯದ ಫ್ಯಾಕ್ಟರಿಗೆ ಸೈಕಲ್ ತುಳಿದು ಹೋಗುತ್ತಿದ್ದ ಕಾಲ ಅದು. ನಮ್ಮೂರು ಹದಿನಾರಿನಲ್ಲಿ ನಮ್ಮದು ಸೇರಿ ಬೆರಳೆಣಿಕೆಯಷ್ಟು ಕ್ರೈಸ್ತರ ಮನೆಗಳಿದ್ದವು. ಡಿಸೆಂಬರ್ ಬಂತೆಂದರೆ ಆ ಮನೆಗಳಲ್ಲೆಲ್ಲ ಕರ್ಜಿಕಾಯಿ ಕರಿದ ಎಣ್ಣೆಯ ಘಮ. ಸಂಜೆ ಕುಂಟೆಬಿಲ್ಲೆ ಆಡುತ್ತಿದ್ದ ನಾವು, ಕ್ರಿಸ್ಮಸ್ ಹಾಡಿನ ತಂಡ ಕಂಡೊಡನೆ ಬಿಲ್ಲೆ ಬಿಸಾಕಿ ಅವರ ಹಿಂದೆ ಓಡುತ್ತಿದ್ದೆವು.

ತಂಡದವರು ಪ್ರತಿ ಮನೆಯಲ್ಲೂ ಒಳಗೆ ಬಂದು ಚಾಪೆಯ ಮೇಲೆ ಕೂರುತ್ತಿದ್ದರು. ಹಾಡು ಮುಗಿದ ಮೇಲೆ ಆ ಮನೆಯವರೊಬ್ಬರು ಎದ್ದು ಸಾಕ್ಷಿ ಹೇಳಬೇಕು, ಅಂದರೆ ಆ ವರ್ಷ ಯೇಸು ತಮಗೆ ಏನು ಮಾಡಿದ ಎಂಬುದನ್ನು. ಒಬ್ಬರ ಜ್ವರ ಬಿಟ್ಟಿರುತ್ತಿತ್ತು, ಇನ್ನೊಬ್ಬರ ಗಂಡ ಕುಡಿತ ಬಿಟ್ಟಿರುತ್ತಿದ್ದ. ಹೇಳುತ್ತಾ ಹೇಳುತ್ತಾ ಎಲ್ಲರೂ ಅಳುತ್ತಿದ್ದರು. ಅತ್ತರೇ ಅದು ನಿಜವಾದ ಭಕ್ತಿ ಎಂದು ನಾನು ನಂಬಿದ್ದೆ. ನನಗೋ ಜಪ್ಪಯ್ಯ ಅಂದರೂ ಕಣ್ಣೀರು ಬರುತ್ತಿರಲಿಲ್ಲ. ಪ್ರಾರ್ಥನೆಗೆ ಕಣ್ಣು ಮುಚ್ಚಿದರೆ ಕರ್ಜಿಕಾಯಿಯೇ ಕಾಣುತ್ತಿತ್ತು. ಇವರೆಲ್ಲರ ನಡುವೆ ನಾನೊಬ್ಬಳೇ ನಕಲಿ ಎಂಬ ಭಯ ನನ್ನನ್ನು ಬಿಡುತ್ತಿರಲಿಲ್ಲ.

ನಾನು ಆರನೇ ಕ್ಲಾಸಿನಲ್ಲಿದ್ದ ವರ್ಷ ಅಪ್ಪ, "ಈ ಸಲ ನಮ್ಮನೆ ಸಾಕ್ಷಿ ನೀನೇ ಯೋಳವ್ವ" ಅಂದುಬಿಟ್ಟ. ತಂಡ ಬರುವ ಹೊತ್ತಿಗೆ ನಾನು ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚಿ ಒಂದು ಹೋಳನ್ನು ಮುಷ್ಟಿಯಲ್ಲಿ ಅಡಗಿಸಿಕೊಂಡೆ. ಕಣ್ಣಿಗೆ ಉಜ್ಜಿಕೊಂಡರೆ ನೀರು ಬಂದೇ ಬರುತ್ತದಲ್ಲ. ಆದರೆ ಒಲೆಯ ಮುಂದಿದ್ದ ಅಜ್ಜಿಯ ಮೂಗು ಬಲು ಚುರುಕು.

"ಏನವ್ವ ಅದು ಕೈಲಿ?"

ಮುಷ್ಟಿ ಬಿಚ್ಚಿ ತೋರಿಸಿದೆ. "ನಂಗೆ ಅಳು ಬರಲ್ಲ ಕಣಜ್ಜಿ. ನಾನು ನಿಜವಾದ ಕ್ರಿಶ್ಚಿಯನ್ ಅಲ್ವೇನೋ."

ಅಜ್ಜಿ ಆ ಹೋಳನ್ನು ಕಿತ್ತುಕೊಂಡು ಸಾರಿನ ಪಾತ್ರೆಗೆ ಹಾಕಿದರು. "ಅಳೋರು ಮಾತ್ರ ನನ್ನೋರು ಅಂತ ಯೇಸಪ್ಪ ಎಲ್ಲಿ ಯೋಳವ್ನೆ? ನಿಂಗೆ ಎಂಗದೋ ಅಂಗೇ ಯೋಳ್ಬುಡು. ಅವ್ನಿಗೆ ಗೊತ್ತಿಲ್ದೆ ಇರೋದೇನದೆ?"

ಹಾಡು ಮುಗಿಯಿತು. ಎದ್ದು ನಿಂತೆ.

"ನಂಗೆ ಈ ವರ್ಷ ಏನೂ ಆಗ್ಲಿಲ್ಲ. ಪ್ರಾರ್ಥನೆ ಮಾಡ್ವಾಗ ಮನಸ್ಸು ಎಲ್ಲೆಲ್ಲೋ ಓಯ್ತದೆ. ಅಳೂ ಬರಲ್ಲ. ಆದ್ರೂ ನಾನು ಯೇಸಪ್ಪನ ಮಗಳೇ. ಅಲ್ಲ ಅಂತ ಯಾರೂ ಅನ್ನಂಗಿಲ್ಲ."

ಎಲ್ಲರೂ ಮುಖ ಮುಖ ನೋಡಿಕೊಂಡರು. ತಂಡದ ಮುಂದಾಳಾಗಿದ್ದ ಹೆಂಗಸು, "ಇದೂ ಒಂದು ಸಾಕ್ಷಿನಾ?" ಎಂದು ನಕ್ಕರು.

ಅಜ್ಜಿ ತಟ್ಟೆ ಹಿಡಿದು ಬಾಗಿಲಿಗೆ ಬಂದಿದ್ದರು. "ಊಂ ಕಣಮ್ಮ, ನಮ್ಮನೆ ಸಾಕ್ಷಿ ಇದೇಯ. ಆಮೆನ್ ಅನ್ನಿ, ಆಮೇಲೆ ಕರ್ಜಿಕಾಯಿ ಕೊಡ್ತೀನಿ."

ಆಮೆನ್ ಅನ್ನದೆ ಅವರಿಗೆ ಬೇರೆ ದಾರಿಯಿರಲಿಲ್ಲ. ನನಗಾದ ಖುಷಿ ಅಷ್ಟಿಷ್ಟಲ್ಲ.

ಈಗ ನಾನು ತಿ. ನರಸೀಪುರದ ಕಾಲೇಜೊಂದರಲ್ಲಿ ಪಾಠ ಮಾಡುತ್ತೇನೆ. ಕ್ಲಾಸಿಗೆ ಹೊರಟಾಗ ಆ ಹಳೆಯ ಭಯ ಈಗಲೂ ಮಿಸುಕುತ್ತದೆ: ನಿನಗೇನು ಬರುತ್ತದೆ, ಇವತ್ತು ಸಿಕ್ಕಿಬೀಳುತ್ತೀಯ ಎಂದು. ಹಾಡಿನ ತಂಡ ಈಗ ಟೆಂಪೋದಲ್ಲಿ ಸ್ಪೀಕರ್ ಕಟ್ಟಿಕೊಂಡು ಬಂದು, ಗೇಟಿನಲ್ಲೇ ಹಾಡಿ, ಫೋಟೊ ತೆಗೆದುಕೊಂಡು ಹೊರಟುಬಿಡುತ್ತದೆ. ಚಾಪೆ ಹಾಸುವ ಕೆಲಸವಿಲ್ಲ, ಸಾಕ್ಷಿ ಕೇಳುವವರಿಲ್ಲ. ಅಜ್ಜಿಯೂ ಇಲ್ಲ. ನನ್ನ ಮಾತಿಗೆ ಮನೆ ತುಂಬ ಜನರಿಂದ ಆಮೆನ್ ಅನ್ನಿಸಿದ ಆ ಗಟ್ಟಿ ದನಿ ಇನ್ನೆಲ್ಲಿ ಸಿಗಬೇಕು? ಅದಕ್ಕೇ ಕ್ಲಾಸಿನ ಬಾಗಿಲಲ್ಲಿ ಒಂದು ಗಳಿಗೆ ನಿಂತು, ಆರನೇ ಕ್ಲಾಸಿನ ಆ ಸಾಕ್ಷಿಯನ್ನೇ ಮನಸ್ಸಿನಲ್ಲಿ ಮತ್ತೆ ಹೇಳಿಕೊಳ್ಳುತ್ತೇನೆ. ಆಮೆನ್ ಕೂಡ ನಾನೇ ಹೇಳಿಕೊಂಡು ಒಳಗೆ ಹೋಗುತ್ತೇನೆ.