ಗೀರು ಬಿದ್ದ ಹಾಡು

ಲಾಂಡ್ರಿಯಲ್ಲಿ ಇಸ್ತ್ರಿ ಮಾಡುತ್ತಲೇ ತಲೆ ನರೆತ ಆ ಹೆಂಗಸನ್ನು ಬೀದಿಯವರೆಲ್ಲ ಇಸ್ತ್ರಿ ಅಕ್ಕ ಎನ್ನುತ್ತಿದ್ದರು. ಸುಕ್ಕು ಕಂಡರೆ ಸಾಕು, ಅವಳ ಕೈ ಸುಮ್ಮನಿರುತ್ತಿರಲಿಲ್ಲ. ಬಸ್ಸಿನಲ್ಲಿ ಪಕ್ಕದವರ ಮುದುಡಿದ ಕಾಲರ್ ಸರಿಮಾಡಲು ಹೋಗಿ ಬೈಸಿಕೊಂಡವಳು ಅವಳು.

ಗಂಡ ಡಾನ್ಸ್ ಹಾಲಿನಲ್ಲಿ ಗ್ರಾಮಫೋನ್ ತಟ್ಟೆ ಹಾಕುವವನು, ಹಾಗಾಗಿ ತಟ್ಟೆಯಣ್ಣ. ಅವನ ಬಳಿ ಒಂದು ಡಿಸ್ಕೊ ಹಾಡಿತ್ತು. ಹಾಡುವವಳ ಭಾಷೆ ಅಲ್ಲಿ ಒಬ್ಬರಿಗೂ ಬಾರದು. ಆದರೂ ಅವಳು ಎದೆ ಬಿಚ್ಚಿ ದನಿ ತೆಗೆದರೆ ಮಂಡಿನೋವಿನವರೂ ಕುರ್ಚಿ ಬಿಟ್ಟು ಏಳುತ್ತಿದ್ದರು. ಕಣ್ಣಲ್ಲಿ ನೀರು ತರಿಸಿ, ಅದೇ ಉಸಿರಿನಲ್ಲಿ ಕುಣಿಸಿಬಿಡುವ ಹಾಡು. ಅಂಥದ್ದು ಹಳತಾಗುವುದುಂಟೇ?

ಮದುವೆಗೆ ಮುಂಚೆ, ಡಾನ್ಸ್ ಹಾಲಿನ ಮಾಲೀಕರ ಕೋಟು ಕೊಡಲೆಂದು ಇಸ್ತ್ರಿ ಅಕ್ಕ ಮೊದಲ ಸಲ ಒಳಗೆ ಬಂದಾಗ ಅದೇ ಹಾಡು ನಡೆಯುತ್ತಿತ್ತು. ತಟ್ಟೆ ಹಾಕುತ್ತಿದ್ದ ಪುಣ್ಯಾತ್ಮ ಅವಳನ್ನು ಬಾಯಿಬಿಟ್ಟು ನೋಡುತ್ತ ಮೊಣಕೈಯನ್ನು ಗ್ರಾಮಫೋನಿನ ಮುಳ್ಳಿಗೆ ತಾಗಿಸಿದ. ಚರ್ರೆಂದು ತಟ್ಟೆಯ ಮೇಲೆ ಗೀರು ಬಿತ್ತು. ಅಂದಿನಿಂದ ಆ ಜಾಗ ಬಂದಾಗಲೆಲ್ಲ ಹಾಡು ಅರ್ಧ ಸಾಲು ನುಂಗಿ ಮುಂದಕ್ಕೆ ಹಾರುತ್ತಿತ್ತು. ಕುಣಿಯುವವರು ಮೊದಮೊದಲು ಮುಗ್ಗರಿಸಿದರು, ಆಮೇಲೆ ತಾವೂ ಅಲ್ಲೊಂದು ಚಿಕ್ಕ ನೆಗೆತ ಸೇರಿಸಿಕೊಂಡರು.

"ಹೊಸ ತಟ್ಟೆ ತಗೊಂಬಾರಯ್ಯಾ," ಎಂದು ಮಾಲೀಕರು ರೇಗುತ್ತಿದ್ದರು.

"ನೋಡೋಣ ಸಾರ್," ಎನ್ನುತ್ತಿದ್ದ ಅವನು ಕೊನೆಗೂ ತರಲಿಲ್ಲ. ಮದುವೆಯಾದ ಮೇಲೆ ಅವಳಿಗೆ ಗುಟ್ಟು ಹೇಳಿದ: "ನೀನು ಬಂದಿದ್ದು ಇದ್ರಲ್ಲಿ ಕೂತಿದೆ ಕಣೇ. ಹೊಸದ್ರಲ್ಲಿ ಎಲ್ಲಿ ಸಿಗುತ್ತೆ?"

ಡಾನ್ಸ್ ಹಾಲ್ ಮುಚ್ಚಿಹೋದಾಗ ಅವನು ಆ ತಟ್ಟೆಯನ್ನೂ ಗ್ರಾಮಫೋನ್ ಪೆಟ್ಟಿಗೆಯನ್ನೂ ಮನೆಗೆ ತಂದ. ಸಂಜೆ ಅವಳು ಕೆಲಸದಿಂದ ಬಂದರೆ ಹಾಡು ಶುರು. ಮಂಡಿಗಳು ಬೇಡವೆಂದರೂ ಇಬ್ಬರೂ ಅಡುಗೆಮನೆಯಲ್ಲೇ ಸರಿಯಾದ ಜಾಗಕ್ಕೆ ನೆಗೆಯುತ್ತಿದ್ದರು. ಹೋದ ವರ್ಷ ಅವನು ನಿದ್ದೆಯಲ್ಲೇ ಹೋಗಿಬಿಟ್ಟ. ಆಮೇಲೆ ಅವಳಿಗೆ ಗಂಡ ಸಿಗುತ್ತಿದ್ದುದು ಹಾಡು ನುಂಗುತ್ತಿದ್ದ ಆ ಅರ್ಧ ಸಾಲಿನಲ್ಲಿ ಮಾತ್ರ.

ಈ ಬೇಸಿಗೆಯಲ್ಲಿ ಕಿಟಕಿಯ ಬಿಸಿಲಿಗೆ ತಟ್ಟೆಯ ಅಂಚು ಸೊಟ್ಟಗಾಯಿತು. ಮುಳ್ಳು ನಿಲ್ಲಲಿಲ್ಲ. ಸೊಟ್ಟಗಾದದ್ದನ್ನು ನೆಟ್ಟಗೆ ಮಾಡಲು ಅವಳಿಗೆ ಗೊತ್ತಿದ್ದುದು ಒಂದೇ ದಾರಿ. ಒದ್ದೆ ಬಟ್ಟೆ ಹಾಸಿ, ಕಡಿಮೆ ಬಿಸಿಯಲ್ಲಿ, ಮಗುವಿನ ಅಂಗಿಯೆಂಬಂತೆ ನಾಜೂಕಾಗಿ ಇಸ್ತ್ರಿ ಎಳೆದಳು. ತಟ್ಟೆ ಚೆನ್ನಾಗಿ ಮಟ್ಟವಾಯಿತು. ಹಾಡಿನ ಗೆರೆಗಳೂ ಮಟ್ಟವಾಗಿ ಹೋಗಿದ್ದವು. ಕರಕರ ಎಂಬ ಸದ್ದು ಬಿಟ್ಟರೆ ಏನೂ ಬರಲಿಲ್ಲ. ಕೈಯಾರೆ ಅವನನ್ನು ಇನ್ನೊಮ್ಮೆ ಕಳೆದುಕೊಂಡೆನೆಂದು ಅವಳು ನೆಲದ ಮೇಲೆ ಕುಸಿದು ಅತ್ತಳು.

ಸುದ್ದಿ ಕೇಳಿ ಮಗಳು ಓಡಿಬಂದಳು. "ಅಳಬೇಡಮ್ಮಾ, ಈ ಹಾಡನ್ನ ಈಗಿನ ಹುಡುಗ್ರೂ ಬಿಟ್ಟಿಲ್ಲ. ನೋಡು, ಒಂದು ಗೀರೂ ಇಲ್ಲ," ಎಂದು ಮೊಬೈಲಿನಲ್ಲಿ ಹಾಕಿದಳು.

ಅದೇ ದನಿ, ಅದೇ ತಾಳ. ಆ ಜಾಗ ಬಂತು. ಅಮ್ಮನ ಕಾಲು ತಾನಾಗಿಯೇ ನೆಗೆಯಿತು, ಹಾಡು ನೆಗೆಯಲಿಲ್ಲ. ಇಷ್ಟು ವರ್ಷ ಕೇಳಿರದ ಅರ್ಧ ಸಾಲನ್ನು ಹಾಡಿಕೊಂಡು ನೆಟ್ಟಗೆ ನಡೆದುಬಿಟ್ಟಿತು.

"ನಿಲ್ಲಿಸ್ಲಾ ಅಮ್ಮಾ?"

"ಬೇಡ. ಮೊದಲಿಂದ ಹಾಕು."

ಈ ಸಲ ಆ ಜಾಗಕ್ಕೆ ಅವಳು, ಅರ್ಧ ಸಾಲು ಕೇಳಿಸದಂತೆ, ಇಸ್ತ್ರಿಯಿಂದ ಜಡ್ಡುಗಟ್ಟಿದ ಅಂಗೈಯನ್ನು ಮೊಬೈಲಿನ ಸ್ಪೀಕರಿನ ಮೇಲೆ ಒತ್ತಿ ತೆಗೆದಳು. ತಡವಾಯಿತು. ಮತ್ತೆ ಹಾಕಿಸಿದಳು. ಬೇಗವಾಯಿತು.

"ಇನ್ನೊಂದ್ಸಲ ಹಾಕೇ," ಎಂದಳು, ಕಣ್ಣೊರೆಸಿಕೊಳ್ಳದೆ. "ನಿಮ್ಮಪ್ಪ ಇಲ್ಲೇ ಎಲ್ಲೋ ಇದಾರೆ."