ಇದರಾಗ ಶೇಂಗಾ ಐತೇನ್ರಿ?

ನಮ್ಮ ಅತ್ತೆಯವರ ಬಲಗೈ ಹೆಬ್ಬೆರಳಿನ ಉಗುರು ನಡುವೆ ಸೀಳಿತ್ತು. ಸಣ್ಣ ವಯಸ್ಸಿನಿಂದ ಶೇಂಗಾ ಕಾಯಿ ಒಡೆದೂ ಒಡೆದೂ ಆ ಉಗುರು ದಪ್ಪಗಾಗಿ, ಅಂಚಿನಲ್ಲಿ ಎಷ್ಟು ತೊಳೆದರೂ ಹೋಗದ ಕಂದು ಬಣ್ಣ ಕೂತಿತ್ತು. ಕುರುಗೋಡಿನ ಮನೆಯಲ್ಲಿ ಟಿವಿ ನೋಡುವಾಗಲೂ, ಯಾರ ಮೇಲಾದರೂ ಸಿಟ್ಟು ಬಂದಾಗಲೂ ಅವರಿಗೆ ಮುಂದೊಂದು ಮೊರ ಬೇಕು, ಟಪ್ ಟಪ್ ಅಂತ ಕಾಯಿ ಒಡೆಯಬೇಕು. ಸುಮ್ಮನೆ ಕೂತ ಅತ್ತೆಯನ್ನು ನಾನು ನೋಡಿದ್ದೇ ಇಲ್ಲ. ಕೈಗೆ ಕೆಲಸವಿಲ್ಲದಿದ್ದರೆ ಬಾಗಿಲಿಗೂ ಅಡುಗೆಮನೆಗೂ ತಿರುಗುತ್ತಿದ್ದರು. ನೋಡುವವರಿಗೇ ಸುಸ್ತಾಗಬೇಕು.

ಮಾವನವರು ತೀರಿಕೊಂಡ ಮೇಲೆ ಅವರು ಬಳ್ಳಾರಿಗೆ, ನಮ್ಮ ಮನೆಗೆ ಬಂದರು. ನಾನು ಇಲ್ಲಿ ಜೀನ್ಸ್ ಹೊಲಿಯುವ ಕಾರ್ಖಾನೆಯೊಂದರಲ್ಲಿ ಪ್ಯಾಕಿಂಗ್ ನೋಡಿಕೊಳ್ಳುತ್ತೇನೆ. ದಿನವೂ ರಾಶಿ ರಾಶಿ ಪ್ಯಾಂಟು ಮಡಚಿಸಿ ಪೆಟ್ಟಿಗೆ ತುಂಬಿಸುವವಳಿಗೆ ಮಗಳ ಊಟದ ಡಬ್ಬಿ ತುಂಬಲು ಬರುವುದಿಲ್ಲ ಎಂದು ಅತ್ತೆ ಬಂದ ಮೊದಲ ವಾರದಲ್ಲೇ ತೀರ್ಮಾನಿಸಿಬಿಟ್ಟರು. ನಾನು ಒಲೆಯಿಂದ ಇಳಿಸಿದ್ದನ್ನು ಹಾಗೇ ಹಾಕಿ ಮುಚ್ಚಳ ಒತ್ತಿದರೆ ಕಸಿದುಕೊಳ್ಳುತ್ತಿದ್ದರು.

"ಬಿಸಿದು ಮುಚ್ಚಿದ್ರ ಡಬ್ಬಿ ಬೆವರ್ತೈತಿ ಬೇ. ಬೆವರಿದ್ದು ಮಧ್ಯಾಹ್ನಕ್ಕ ಹಳಸ್ತೈತಿ. ಈ ಬಳ್ಳಾರಿ ಬಿಸಲಾಗ ನಾವಽ ಹಳಸ್ತೀವಿ, ಅನ್ನ ಉಳಿತೈತೇನು?"

ಹಾಗೆನ್ನುತ್ತಾ ಮೆಂತ್ಯದ ಚಪಾತಿಯನ್ನು ತಟ್ಟೆಯಲ್ಲಿ ಹರವಿ ಫ್ಯಾನಿನ ಕೆಳಗೆ ಇಡುತ್ತಿದ್ದರು. ಬೀದಿಯಲ್ಲಿ ಸ್ಕೂಲ್ ವ್ಯಾನಿನವನು ಹಾರ್ನ್ ಒತ್ತುತ್ತಿದ್ದ, ಮಗಳು ಒಂದು ಕಾಲಿಗೆ ಬೂಟು ಹಾಕಿಕೊಂಡು ಕುಣಿಯುತ್ತಿದ್ದಳು, ನಾನು ಒಳಗೊಳಗೇ ಕುದಿಯುತ್ತಿದ್ದೆ. ಅತ್ತೆ ಮಾತ್ರ ಚಪಾತಿಯನ್ನು ಬೆರಳಿನ ಹಿಂಬದಿಯಿಂದ ಮುಟ್ಟಿ ನೋಡಿ, ಆರಿದೆ ಅನ್ನಿಸಿದ ಮೇಲೆಯೇ ಮೊಳಕೆ ಹೆಸರುಕಾಳಿನ ಪಲ್ಯದ ಜೊತೆ ಸುತ್ತಿ ಡಬ್ಬಿಗೆ ಹಾಕುತ್ತಿದ್ದರು. ಕೊನೆಗೆ ಒಂದು ಸುರುಳಿ ಹೆಚ್ಚಿಗೆ ಇಡುವುದು ಅವರ ಪದ್ಧತಿ. ಅದಕ್ಕೆ ಅವರು 'ಮಂದಿ ತುತ್ತು' ಎನ್ನುತ್ತಿದ್ದರು. ಪಕ್ಕದಲ್ಲಿ ಕೂತವರಿಗೆ ಕೊಡದೆ ತಿಂದದ್ದು ಅವರ ಲೆಕ್ಕದಲ್ಲಿ ಊಟವೇ ಅಲ್ಲ. "ನಮ್ಮ ಡಬ್ಬ್ಯಾಗಿಂದು ಅವ್ರಿಗೆ ಕೊಡು, ಅವ್ರದ್ರಾಗಿಂದು ನೀ ತಗೊ," ಎಂದು ಮಗಳಿಗೆ ದಿನವೂ ಹೇಳಿ ಕಳಿಸುತ್ತಿದ್ದರು.

ಆ ಮಾತಿಗೇ ಕುತ್ತು ಬಂತು. ಮಗಳು ಯುಕೆಜಿಯಲ್ಲಿದ್ದಾಗ ಪಕ್ಕದ ಹುಡುಗಿಯ ಡಬ್ಬಿಯಿಂದ ಶೇಂಗಾ ಚಿಕ್ಕಿ ತಿಂದಳು. ಮೈಯೆಲ್ಲ ದದ್ದು ಎದ್ದಿತು, ತುಟಿ ಊದಿತು. ಪರೀಕ್ಷೆ ಮಾಡಿಸಿದಾಗ ಡಾಕ್ಟರು ಕಡ್ಡಿ ಮುರಿದಂತೆ ಹೇಳಿದರು: ಈ ಮಗುವಿಗೆ ಶೇಂಗಾ ಆಗುವುದಿಲ್ಲ, ಒಂದು ಚೂರೂ ಕೊಡಬೇಡಿ, ಮುಂದಿನ ಸಲ ಉಸಿರಿಗೇ ಬರಬಹುದು.

ನಮ್ಮ ಸೀಮೆಯಲ್ಲಿ ಶೇಂಗಾ ಇಲ್ಲದೆ ಬದುಕುವುದು ಹೇಗೆ? ಚಟ್ನಿಪುಡಿ ಅದರದು, ಎಣ್ಣೆ ಅದರದು, ಹಬ್ಬಕ್ಕೆ ಹೋಳಿಗೆ ಅದರದು, ಬದನೆಕಾಯಿ ಎಣಗಾಯಿಯ ಹೊಟ್ಟೆಯಲ್ಲೂ ಅದೇ. ಅತ್ತೆಗೆ ಡಾಕ್ಟರ ಮಾತು ಗಂಟಲಲ್ಲಿ ಇಳಿಯಲಿಲ್ಲ. "ಶೇಂಗಾ ತಿಂದು ಯಾರನ ಸತ್ತಾರೇನು? ಪಿತ್ತ ಆಗಿರ್ತೈತಿ. ದೊಡ್ಡಾಕಿ ಆದ್ಮ್ಯಾಲ ಸರಿ ಹೋಗ್ತೈತಿ," ಎಂದರು. ಹಾಗೆಂದು ಕೊಡಲೂ ಇಲ್ಲ. ಮೆಣಸಿನಕಾಯಿ ತೆಗೆದು ಕೊಡುವ ಹಾಗೆ ಶೇಂಗಾವನ್ನೂ ತೆಗೆದು ಕೊಟ್ಟರೆ ಸಾಕು ಎಂದು ತಿಳಿದುಕೊಂಡಿದ್ದರು.

ಒಂದು ಭಾನುವಾರ ಸಂಜೆ ಎದುರುಮನೆಯವರು ತಟ್ಟೆ ತುಂಬ ಒಗ್ಗರಣೆ ಮಂಡಕ್ಕಿ, ಮೇಲೆರಡು ಮಿರ್ಚಿ ಇಟ್ಟು ಕಳಿಸಿದರು. ನಾನು ಮಾಳಿಗೆಯ ಮೇಲೆ ಬಟ್ಟೆ ತೆಗೆಯುತ್ತಿದ್ದೆ. ಮಗಳು ಬೇಕೇ ಬೇಕು ಎಂದು ಹಟ ಹಿಡಿದಳು. ಅತ್ತೆ ಕನ್ನಡಕ ಹಾಕಿಕೊಂಡು, ತಟ್ಟೆಯನ್ನು ಬೆಳಕಿಗೆ ಹಿಡಿದು, ಮಂಡಕ್ಕಿಯೊಳಗಿನ ಶೇಂಗಾವನ್ನು ಒಂದೊಂದಾಗಿ ಆರಿಸಿ ತೆಗೆದರು. ಸಿಪ್ಪೆ ಕೂಡ ಊದಿದರಂತೆ. ಆಮೇಲೆ ಅದೇ ಕೈಯಿಂದ ಮೊಮ್ಮಗಳಿಗೆ ತುತ್ತು ಕೊಟ್ಟರು.

ನಾನು ಕೆಳಗಿಳಿದಾಗ ಮಗು ಕತ್ತು ಹಿಡಿದುಕೊಂಡಿತ್ತು. ಮುಖ ಊದಿತ್ತು, ಉಸಿರು ಸಿಳ್ಳೆಯಂತೆ ಬರುತ್ತಿತ್ತು. ಆಟೋದಲ್ಲಿ ಅವಳನ್ನು ಅಪ್ಪಿಕೊಂಡು ಆಸ್ಪತ್ರೆ ಮುಟ್ಟುವವರೆಗೆ ನಾನು ಏನು ಕೂಗಿದೆನೋ ನನಗೇ ನೆನಪಿಲ್ಲ. ಇಂಜೆಕ್ಷನ್ ಕೊಟ್ಟ ಮೇಲೆ ಉಸಿರು ಹಗುರವಾಯಿತು. ಏನು ತಿನ್ನಿಸಿದ್ದಿರಿ ಎಂದು ಡಾಕ್ಟರು ಕೇಳಿದಾಗ ನಾನು ಬಾಯಿ ತೆರೆಯುವ ಮುಂಚೆಯೇ ಅತ್ತೆ ಮುಂದೆ ಬಂದರು.

"ನಾ ಕೊಟ್ಟೀನ್ರಿ ಸಾಹೇಬ್ರ. ಒಂದೂ ಬಿಡದಂಗ ಆರ್ಸಿ ಕೊಟ್ಟೀನ್ರಿ."

"ಆರ್ಸಿದ್ರ ಹೋಗಂಗಿಲ್ಲಮ್ಮ. ಅದರ ಪುಡಿ, ಎಣ್ಣಿ ಉಳಿದಿದ್ದಕ್ಕ ಅಂಟಿರ್ತೈತಿ. ನಿಮ್ಮ ಕೈಗೂ ಅಂಟಿರ್ತೈತಿ."

ಅತ್ತೆ ತಮ್ಮ ಹೆಬ್ಬೆರಳನ್ನು ನೋಡಿಕೊಂಡು, ಆ ಕೈಯನ್ನು ಸೆರಗಿನೊಳಗೆ ಮುಚ್ಚಿಕೊಂಡರು. ಮನೆಗೆ ಬರುವವರೆಗೂ ಹೊರಗೆ ತೆಗೆಯಲಿಲ್ಲ.

ಮರುದಿನ ಶೇಂಗಾ ಡಬ್ಬ, ಎಣ್ಣೆ ಡಬ್ಬಿ, ಮಿಕ್ಸಿಯ ಜಾರು, ಕುರುಗೋಡಿನಿಂದ ಹೊತ್ತು ತಂದಿದ್ದ ಒಳಕಲ್ಲು ಎಲ್ಲವೂ ಸಿರುಗುಪ್ಪದಲ್ಲಿರುವ ನನ್ನ ನಾದಿನಿಯ ಮನೆಗೆ ಹೋದವು. ಅಲ್ಲಿಂದಾಚೆ ಅತ್ತೆ ಶೇಂಗಾ ಮುಟ್ಟಲಿಲ್ಲ. ಸಿರುಗುಪ್ಪಕ್ಕೆ ತಮ್ಮ ಮಗಳ ಮನೆಗೆ ಹೋದಾಗಲೂ ಇಲ್ಲ. ಶೇಂಗಾ ಹೋಳಿಗೆ ಎಂದರೆ ಜೀವ ಬಿಡುತ್ತಿದ್ದವರು ಅವರು. ನಾದಿನಿ ಬಿಸಿ ಬಿಸಿ ಹೋಳಿಗೆ ತಟ್ಟೆಗೆ ಹಾಕಿ, "ಇಲ್ಲಿ ಕೂಸು ಎಲ್ಲೈತಿ? ತಿನ್ನಬೇ ಯವ್ವಾ," ಎಂದರೆ ತಟ್ಟೆ ಸರಿಸಿಬಿಟ್ಟರಂತೆ. "ಬಾಯಾಗ ಅದು ಇದ್ರ ಕೂಸಿಗೆ ಮುದ್ದು ಕೊಡಾಕ ಬರಂಗಿಲ್ಲ," ಎಂದರಂತೆ.

ಮೊದಲೇ ಚಡಪಡಿಕೆಯ ಹೆಂಗಸು, ಈಗಂತೂ ಹೇಳುವುದೇ ಬೇಡ. ಊಟದ ಗಂಟೆ ಹೊಡೆಯುವ ಹೊತ್ತಿಗೆ ಚಪ್ಪಲಿ ಮೆಟ್ಟಿ ಶಾಲೆಯ ಕಡೆ ನಡೆಯುತ್ತಿದ್ದರು. ಸುಡುವ ಬಿಸಿಲಲ್ಲಿ ತಲೆ ಮೇಲೆ ಸೆರಗು ಹೊದ್ದು ಗೇಟಿನ ಸಂದಿಯಿಂದ ಇಣುಕುತ್ತಾ ನಿಲ್ಲುತ್ತಿದ್ದರು. ನನಗೆ ಟೀಚರು ಫೋನು ಮಾಡಿದಾಗಲೇ ಇದು ಗೊತ್ತಾಗಿದ್ದು. ಮಗಳಿಗೂ ಅವಮಾನ, ಎಲ್ಲರೂ ನಗುತ್ತಾರೆ ಎಂದು ಅತ್ತಳು. ನಾನು ಜೋರು ಮಾಡಿದೆ. "ಅತ್ತಿ, ನೀವು ಬಿಸಲಾಗ ಬಿದ್ರ ಯಾರು ನೋಡ್ಬೇಕ್ರಿ? ಟೀಚರಿಗೆ ಹೇಳೇವಿ, ಔಷಧಿ ಕೊಟ್ಟೇವಿ. ಇನ್ನೇನು ಮಾಡಬೇಕು?"

"ಕೈಯಿಂದ ಆದ ತಪ್ಪು, ಕಾಲು ತೀರಿಸ್ತೈತಿ ಬಿಡವ್ವ," ಎಂದರು.

ಆದರೂ ಗೇಟಿಗೆ ಹೋಗುವುದನ್ನು ಬಿಟ್ಟರು. ಬದಲಿಗೆ ಮೊಮ್ಮಗಳ ಜೊತೆ ಕೂತು ಉಣ್ಣುವ ಹುಡುಗಿಯರನ್ನೆಲ್ಲ ಒಂದು ರಜೆಯ ದಿನ ಮನೆಗೆ ಕರೆಸಿ ಊಟಕ್ಕೆ ಹಾಕಿದರು. ಪುಟಾಣಿ, ಅಂದರೆ ಹುರಿಗಡಲೆಯ ಉಂಡೆ, ತರಕಾರಿ ಪಲಾವು, ಮೊಸರು. ಬಡಿಸುತ್ತಲೇ ಸಂಗತಿ ಹೇಳಿದರು. ಅವರಲ್ಲಿ ಒಬ್ಬಳ ಮನೆಮಾತು ತೆಲುಗು. ಅವಳಿಗೆ "ಪಲ್ಲೀಲು ವದ್ದಮ್ಮಾ, ದಾನಿಕಿ ಪಡದು" ಎಂದು, ಮೊಮ್ಮಗಳಿಗೆ ಶೇಂಗಾ ಆಗುವುದಿಲ್ಲ ಎನ್ನುವುದನ್ನು ಅವಳ ಭಾಷೆಯಲ್ಲೇ ಬಿಡಿಸಿ ಹೇಳಿದರು. ಆ ಹುಡುಗಿ ಉಂಡೆ ಕಡಿಯುತ್ತಾ, "ಅಜ್ಜಿ, ನಾ ಅದನ್ನ ತಂದ ದಿನ ದೂರ ಕುಂತು ತಿಂತೀನಿ, ಸೋಪು ಹಚ್ಚಿ ಕೈ ತೊಳ್ಕೊಂಡು ಬರ್ತೀನಿ," ಎಂದಳು. ಅತ್ತೆ ಅವಳ ಗಲ್ಲ ಹಿಂಡಿ ಇನ್ನೊಂದು ಉಂಡೆ ಹಾಕಿದರು. ಮಂದಿ ತುತ್ತು ನಿಲ್ಲಲಿಲ್ಲ, ಆದರೆ ಒಂದೇ ದಿಕ್ಕಿಗೆ ಹೋಯಿತು: ಕೊಡುವುದು ಮಾತ್ರ, ತಗೊಳ್ಳುವುದಿಲ್ಲ. ಮೊಮ್ಮಗಳಿಗೆ ಅದನ್ನು ಹೇಳುವಾಗ ಅವರ ಮುಖ ಸಣ್ಣದಾಗುತ್ತಿದ್ದುದನ್ನು ನಾನು ಕಂಡಿದ್ದೇನೆ.

ಸಂಜೆ ಹೊತ್ತು ಅಜ್ಜಿ ಮೊಮ್ಮಗಳದು ಒಂದು ಆಟ. ಅತ್ತೆ ಮದುವೆಮನೆಯ ಯಜಮಾನಿಯಾಗಿ ಖಾಲಿ ತಟ್ಟೆ ಹಿಡಿದು ಬರುವರು. "ತಿನ್ನವ್ವ, ಹಬ್ಬದ್ದು. ಬ್ಯಾಡ ಅನಬಾರ್ದು."

"ಇದರಾಗ ಶೇಂಗಾ ಐತೇನ್ರಿ?"

"ಒಂದು ಚೂರು ಐತಿ. ಏನೂ ಆಗಂಗಿಲ್ಲ, ತಿನ್ನು."

"ಬ್ಯಾಡ್ರಿ, ನನಗ ಆಗಂಗಿಲ್ರಿ."

"ಆರ್ಸಿ ಕೊಡ್ತೀನಿ, ತಿನ್ನು."

"ಆರ್ಸಿದ್ರೂ ಬ್ಯಾಡ್ರಿ!" ಎಂದು ಮಗಳು ಕಿರುಚಿ ನಗುತ್ತಿದ್ದಳು. ಅತ್ತೆಯೂ ನಗುತ್ತಿದ್ದರು. ಆ ಯಜಮಾನಿಯ ಪಾತ್ರವನ್ನು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಈಗ ಮಗಳು ಎಂಟನೇ ತರಗತಿ. ಯಾರ ಮನೆಗೆ ಹೋದರೂ, ದೇವರ ಪ್ರಸಾದವಾದರೂ, ಕೈ ಚಾಚುವ ಮುಂಚೆ ಆ ಪ್ರಶ್ನೆ ಬಂದೇ ಬರುತ್ತದೆ. ಕೆಲವರು ಮುಖ ಸಿಂಡರಿಸುತ್ತಾರೆ. ಅವಳು ಅಂಜುವುದಿಲ್ಲ.

ಹೋದ ವರ್ಷ ಅತ್ತೆಯ ಹೃದಯ ಸೋತಿತು. ಆಸ್ಪತ್ರೆಯ ಮಂಚದಲ್ಲೂ ಕಾಲು ಆಡಿಸುತ್ತಲೇ ಇದ್ದರು. ಊಟದ ಹೊತ್ತಾದರೆ, "ಚಪಾತಿ ಆರಿಸಿ ಡಬ್ಬಿಗೆ ಹಾಕೀಯಿಲ್ಲೋ?" ಎನ್ನುತ್ತಿದ್ದರು. ಒಂದು ದಿನ ನನ್ನ ಮಣಿಕಟ್ಟು ಹಿಡಿದು ಹತ್ತಿರ ಎಳೆದುಕೊಂಡರು.

"ನಾ ಹೋದ ಮ್ಯಾಲ ನನ್ನ ಎಡ್ಯಾಗ ಶೇಂಗಾ ಇಡಬ್ಯಾಡ ಬೇ. ನಿನ್ನ ನಾದಿನಿ ಇಡ್ತೀನಿ ಅಂತಾಳ, ಕೇಳಬ್ಯಾಡ. ಅಜ್ಜಿ ಎಡಿ ಮುಂದನೂ ಕೂಸು ಶೇಂಗಾ ಐತೇನು ಅಂತ ಕೇಳ್ಕೊಂತ ಕುಂದರಬಾರ್ದು."

ಕೊನೆಯ ಸ್ನಾನ ಮಾಡಿಸುವಾಗ ಅವರ ಬಲಗೈ ನನ್ನ ಕೈಯಲ್ಲಿತ್ತು. ಹೆಬ್ಬೆರಳಿನ ಉಗುರು ನುಣ್ಣಗಿತ್ತು. ಸೀಳು ಯಾವಾಗ ಕೂಡಿತ್ತೋ ನಾನು ಗಮನಿಸಿಯೇ ಇರಲಿಲ್ಲ. ಆ ಕೈ ಹಿಡಿದುಕೊಂಡು ನಾನು ಜೋರಾಗಿ ಅತ್ತುಬಿಟ್ಟೆ.

ವರ್ಷದ ಪೂಜೆಗೆ ನಾದಿನಿ ಸಿರುಗುಪ್ಪದಿಂದ ಬಂದರು. ಕೈಯಲ್ಲಿ ಬಿಗಿಯಾಗಿ ಮುಚ್ಚಿದ ಸ್ಟೀಲ್ ಡಬ್ಬಿ. ಒಳಗೇನಿದೆ ಎಂದು ಕೇಳಬೇಕಾಗಿರಲಿಲ್ಲ. "ನಮ್ಮವ್ವ ಇಷ್ಟು ವರ್ಷ ಬಾಯಿ ಕಟ್ಟಿದ್ಲು. ಸತ್ತ ಮ್ಯಾಲನ ತಿನ್ನಲಿ ಬಿಡವ್ವ," ಎಂದು ಕಣ್ಣು ತುಂಬಿಕೊಂಡರು. ಅವರ ಮಾತಿನಲ್ಲಿ ತಪ್ಪೇನಿತ್ತು? ನಾನು ಅಡುಗೆಮನೆಯಲ್ಲಿ ಅತ್ತೆಯ ಹಾಗೇ ಆ ಕಡೆ ಈ ಕಡೆ ತಿರುಗಿದೆ. ಒಂದು ಹೋಳಿಗೆ ಪಕ್ಕದಲ್ಲಿಟ್ಟರೆ ಏನಾಗುತ್ತದೆ ಎಂದೂ ಅನ್ನಿಸಿತು. ಆಮೇಲೆ ಹೊರಗೆ ಬಂದು, "ಅವರಽ ಬ್ಯಾಡ ಅಂದಾರ್ರಿ," ಎಂದು ಅವರು ಹೇಳಿದ್ದನ್ನು ಹೇಳಿದೆ. ನಾದಿನಿ ಎದ್ದು ಡಬ್ಬಿಯನ್ನು ಮುಚ್ಚಿದ ಹಾಗೇ ಕಾರಿನಲ್ಲಿ ಇಟ್ಟು ಬಂದು, ಬಚ್ಚಲಿಗೆ ಹೋಗಿ ಸೋಪು ಹಚ್ಚಿ ಕೈ ತೊಳೆದುಕೊಂಡರು.

ಫೋಟೋದ ಮುಂದೆ ಬಾಳೆ ಎಲೆ ಹಾಸಿ ಎಡೆ ಇಟ್ಟೆವು. ಕಡ್ಲೆಬೇಳೆ ಹೋಳಿಗೆ, ಹೆಸರುಕಾಳು ಪಲ್ಯ, ಪುಟಾಣಿ ಚಟ್ನಿಪುಡಿ, ಫ್ಯಾನಿನ ಕೆಳಗೆ ಆರಿಸಿದ ಮೆಂತ್ಯದ ಚಪಾತಿ. ನಮ್ಮ ಮನೆಯಲ್ಲಿ ಎಡೆಯ ಮೊದಲ ತುತ್ತು ಎಲ್ಲರಿಗಿಂತ ಸಣ್ಣವರದು. ನಾನು ಮಗಳ ಮುಖವನ್ನೇ ನೋಡುತ್ತಿದ್ದೆ, ಇನ್ನೇನು ಕೇಳುತ್ತಾಳೆ ಎಂದು.

ಅವಳು ವಿಭೂತಿ ಹಚ್ಚಿಕೊಂಡು, ನಮಸ್ಕಾರ ಮಾಡಿ, ಅಜ್ಜಿಯ ಎಲೆಯ ಪಕ್ಕ ಚಕ್ಕಳಮಕ್ಕಳ ಹಾಕಿ ಕೂತಳು. ಯಾರನ್ನೂ ಏನೂ ಕೇಳದೆ ಎಲೆಗೆ ಕೈ ಹಾಕಿ, ಹೋಳಿಗೆ ಮುರಿದು ಬಾಯಿಗಿಟ್ಟುಕೊಂಡಳು.